ಮಕ್ಕಳೊಡನೆ ಸೇಂಟ್ ಮರೀ ಕೋಟೆಯಲ್ಲಿ ಒಂದು ದಿನ

1223ನೆಯ ಇಸವಿಯ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಗೋದಲಿಯೊಂದನ್ನು ಸಿದ್ಧಪಡಿಸಿದರು. ಅದು ಬೊಂಬೆಗಳ ಗೋದಲಿಯಾಗಿರಲಿಲ್ಲ. ನಿಜವಾದ ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ. ಬೆತ್ಲೆಹೇಮಿನ ಕೂಸು ಎಂತಹ ಬಡತನದಲ್ಲಿ ಹುಲ್ಲಿನ ಮೇಲೆ ಮಲಗಿತ್ತೆಂಬುದನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಹಂಬಲ. ಊರಿನವರು ಪಂಜು ಹಿಡಿದು ನೋಡಲು ಬಂದರು. ಸುವಾರ್ತೆಯನ್ನು ಎಷ್ಟೋ ಬಾರಿ ಕೇಳಿದ್ದ ಆ ಜನರಿಗೆ ಅಂದು ಮೂಗಿಗೆ ಹುಲ್ಲಿನ ವಾಸನೆ ಬಡಿಯಿತು. ಬುದ್ಧಿಯಲ್ಲಿರುವುದೆಲ್ಲ ಮೊದಲು ಇಂದ್ರಿಯಗಳ ಬಾಗಿಲಿನಿಂದಲೇ ಒಳಗೆ ಬರುತ್ತದೆಂದು ಗುರುಮಠದಲ್ಲಿ ನಮಗೆ ಸಂತ ಥಾಮಸ್ ಅಕ್ವಿನಾಸರನ್ನು ಓದಿಸುತ್ತಿದ್ದ ಪ್ರಾಧ್ಯಾಪಕರು ಬಾರಿಬಾರಿಗೂ ಹೇಳುತ್ತಿದ್ದರು. ಪರೀಕ್ಷೆಗಾಗಿ ಆ ಸೂತ್ರವನ್ನು ಲತೀನಿನಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ನಿಜವಾಗಿ ತಿಳಿದದ್ದು ಬಹಳ ವರ್ಷಗಳ ನಂತರ, ಕೆನಡಾ ದೇಶದ ಒಂದು ಮರದ ಕೋಟೆಯಲ್ಲಿ, ಮೂವರು ಮಕ್ಕಳ ಜೊತೆಯಲ್ಲಿ.

ಹಿಂದಿನ ಕಾಲದ ಊರನ್ನು ಮತ್ತೆ ಕಟ್ಟಿ, ಅಂದಿನ ಉಡುಪು ತೊಟ್ಟವರು ಅಂದಿನ ಕೆಲಸಗಳನ್ನೇ ಮಾಡಿ ತೋರಿಸುವ ಸ್ಥಳಗಳನ್ನು ಪಾಶ್ಚಾತ್ಯರು ‘ಜೀವಂತ ಇತಿಹಾಸ’ದ ತಾಣಗಳೆಂದು ಕರೆಯುತ್ತಾರೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ತೆರೆದ ಸ್ಕ್ಯಾನ್ಸೆನ್ ಇವುಗಳ ಹಿರಿಯಣ್ಣ. ಅಮೆರಿಕದ ವರ್ಜೀನಿಯಾದಲ್ಲಿರುವ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಇನ್ನೂ ಹೆಸರುವಾಸಿ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳಿಗೆಂದು ಅಲ್ಲಿ ಕಡಿಮೆ ದರದ ದಿನಗಳನ್ನೂ ಗೊತ್ತುಪಡಿಸುತ್ತಾರೆ. ನಾನು ನೋಡಿದ್ದು ಅವೆರಡನ್ನೂ ಅಲ್ಲ. ಒಂಟಾರಿಯೊ ಪ್ರಾಂತ್ಯದ ಮಿಡ್‌ಲ್ಯಾಂಡ್ ಊರಿನ ಬಳಿ ವೈ ನದಿಯ ದಡದಲ್ಲಿರುವ ಸೇಂಟ್ ಮರೀ. ಯೇಸುಸಭೆಯ ಗುರುಗಳು 1639ರಲ್ಲಿ ಕಟ್ಟಿ, 1649ರಲ್ಲಿ ತಮ್ಮ ಕೈಯಾರೆ ಸುಟ್ಟ ಧರ್ಮಪ್ರಚಾರ ಕೇಂದ್ರವದು.

ನನ್ನ ಅಕ್ಕನ ಮಗಳ ಸಂಸಾರ ಟೊರಾಂಟೊ ಸಮೀಪದ ಬ್ರ್ಯಾಂಪ್ಟನ್ನಿನಲ್ಲಿದೆ. ಗಂಡನಿಗೆ ಒಂದು ಉಗ್ರಾಣದಲ್ಲಿ ರಾತ್ರಿ ಪಾಳಿಯ ಕೆಲಸ. ಹನ್ನೆರಡು ವರ್ಷದ ಮಗಳು, ಒಂಬತ್ತರ ಮಗ, ಐದರ ಪುಟ್ಟಿ. 2023ರ ಸೆಪ್ಟೆಂಬರಿನಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಮಕ್ಕಳ ಶಾಲೆ ಅಡುಗೆಮನೆಯ ಮೇಜಿನ ಮೇಲೆಯೇ ನಡೆಯುತ್ತಿತ್ತು. ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಇದು ಸ್ವಲ್ಪವೂ ಒಪ್ಪಿಗೆಯಿರಲಿಲ್ಲ. “ಅಷ್ಟು ದೂರ ಹೋಗಿ ಮಕ್ಕಳನ್ನ ಸ್ಕೂಲಿಗೂ ಕಳಿಸದೆ ಕೂರಿಸ್ಕೊಂಡಿದ್ದಾಳೆ, ನೀನಾದರೂ ಬುದ್ಧಿ ಹೇಳು” ಎಂದು ಹೊರಡುವ ಮುಂಚೆ ನನಗೆ ಆಜ್ಞೆಯಾಗಿತ್ತು. ಬುದ್ಧಿ ಹೇಳುವ ಉದ್ದೇಶದಿಂದಲೇ ನಾನು ಹೋದದ್ದೂ ಹೌದು. ಮಗು ಬೇರೆ ಮಕ್ಕಳ ನಡುವೆ ಬೆಳೆಯಬೇಕು, ತನ್ನದಲ್ಲದ ಮನೆಯ ಮಾತುಗಳನ್ನೂ ಕೇಳಬೇಕು ಎಂಬುದು ನನ್ನ ಅಂದಿನ ಅಭಿಪ್ರಾಯ, ಇಂದಿನದೂ ಬಹುಮಟ್ಟಿಗೆ ಅದೇ. ಒಂಟಾರಿಯೊದಲ್ಲಿ ಕಥೋಲಿಕ ಶಾಲೆಗಳನ್ನು ಸರ್ಕಾರವೇ ಹಣ ಕೊಟ್ಟು ನಡೆಸುತ್ತದೆ. ಆದ್ದರಿಂದ ಧರ್ಮಶಿಕ್ಷಣಕ್ಕಾಗಿ ಮನೆಯನ್ನೇ ಶಾಲೆ ಮಾಡಿಕೊಳ್ಳಬೇಕಾದ ಅಗತ್ಯವೂ ಅಲ್ಲಿಲ್ಲ.

ಕಾರಣ ಬೇರೆಯೇ ಇತ್ತು. ಮಗನಿಗೆ ಅಕ್ಷರಗಳು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಓದುವಾಗ ಸಾಲುಗಳು ಅಲುಗಾಡುತ್ತವೆ ಎನ್ನುತ್ತಿದ್ದ. ತರಗತಿ ಅವನಿಗಾಗಿ ಕಾಯಲಾರದು. ಮೂರನೆಯ ತರಗತಿಯಲ್ಲಿ ಅವನು ದಿನವೂ ಬೆಳಿಗ್ಗೆ ಹೊಟ್ಟೆನೋವೆಂದು ಅಳತೊಡಗಿದಾಗ ಅವಳು ತನ್ನ ಕೆಲಸ ಬಿಟ್ಟು ಮೂವರನ್ನೂ ಮನೆಯಲ್ಲಿ ಓದಿಸಲು ನಿರ್ಧರಿಸಿದಳು. ಅಂದರೆ ಎರಡು ಸಂಬಳದ ಮನೆ ಒಂದು ಸಂಬಳದ ಮನೆಯಾಯಿತು. ಈ ಲೆಕ್ಕವನ್ನು ಯಾರೂ ಅಕ್ಕನಿಗೆ ಹೇಳಿರಲಿಲ್ಲ. “ಮಾವ, ಬುದ್ಧಿ ಹೇಳೋದಕ್ಕೆ ಬಂದಿದ್ದೀರಿ ಅಂತ ಗೊತ್ತು. ಅದಕ್ಕೆ ಮುಂಚೆ ನಮ್ಮ ಜೊತೆ ಒಂದು ದಿನ ಪಾಠಕ್ಕೆ ಬನ್ನಿ” ಎಂದಳು.

ಆ ಪಾಠದ ಖರ್ಚುವೆಚ್ಚವನ್ನು ಮೊದಲು ಹೇಳಬೇಕು. ಹೊರಗೆ ಹೋಗುವುದೆಂದರೆ ನೂರೆಂಟು ಲೆಕ್ಕ ಹಾಕುವ ನಮ್ಮ ಕುಟುಂಬಗಳಿಗೆ ಅದು ಬೇಕಾದ ವಿಷಯ. ಬ್ರ್ಯಾಂಪ್ಟನ್ನಿನಿಂದ ಮಿಡ್‌ಲ್ಯಾಂಡಿಗೆ ಸುಮಾರು ಎರಡು ಗಂಟೆಯ ಹಾದಿ. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಹೋಟೆಲಿನ ಮಾತಿಲ್ಲ. ಅವರ ಧರ್ಮಕೇಂದ್ರದ ಫಿಲಿಪೈನ್ಸ್ ಮೂಲದ ಕುಟುಂಬವೊಂದು ತಮ್ಮ ದೊಡ್ಡ ವಾಹನವನ್ನು ಒಂದು ದಿನದ ಮಟ್ಟಿಗೆ ಕೊಟ್ಟಿತ್ತು. ಅವರ ಮಗನಿಗೆ ಇವಳು ವಾರಕ್ಕೆರಡು ದಿನ ಗಣಿತ ಹೇಳಿಕೊಡುತ್ತಾಳೆ, ಅದಕ್ಕೆ ಇದು. ಬುತ್ತಿಗೆ ಪುಳಿಯೋಗರೆ, ಚಪಾತಿ, ಬೇಯಿಸಿದ ಮೊಟ್ಟೆ. ಪೆಟ್ರೋಲಿಗೂ ಪ್ರವೇಶದ ಚೀಟಿಗೂ ಬೇಕಾದ ಹಣವನ್ನು ಬೇಸಿಗೆಯುದ್ದಕ್ಕೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅಂಗಡಿಯಲ್ಲಿ ಏನನ್ನೂ ಕೇಳಕೂಡದೆಂದು ಮಕ್ಕಳೊಡನೆ ಮೊದಲೇ ಒಪ್ಪಂದವಾಗಿತ್ತು. ಪುಟ್ಟಿ ಮಾತ್ರ ಆ ಒಪ್ಪಂದಕ್ಕೆ ತಾನು ಸಹಿ ಹಾಕಿಲ್ಲವೆಂದು ಕೊನೆಯಲ್ಲಿ ವಾದಿಸಿದಳು.

ನಿಜವಾದ ಸಿದ್ಧತೆ ಒಂದು ತಿಂಗಳ ಹಿಂದೆಯೇ ಆರಂಭವಾಗಿತ್ತು, ಅದಕ್ಕೆ ಕಾಸು ಖರ್ಚಾಗಿರಲಿಲ್ಲ. ಆ ಕಾಲದ ಯೇಸುಸಭೆಯ ಗುರುಗಳು ಪ್ರತಿವರ್ಷ ಫ್ರಾನ್ಸಿಗೆ ಬರೆದು ಕಳುಹಿಸುತ್ತಿದ್ದ ವರದಿಗಳು ಉಳಿದುಬಂದಿವೆ. ರೂಬೆನ್ ಗೋಲ್ಡ್ ಥ್ವೇಟ್ಸ್ ಎಂಬ ವಿದ್ವಾಂಸರು 1896ರಿಂದ 1901ರವರೆಗೆ ಅವುಗಳನ್ನು ಇಂಗ್ಲಿಷ್ ಅನುವಾದದೊಡನೆ 73 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಈಗ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ರಾತ್ರಿ ಜಪಸರವಾದ ಮೇಲೆ ಅವಳು ಒಂದೊಂದು ಪುಟ ಓದಿ ಹೇಳುತ್ತಿದ್ದಳು. ಪ್ರತಿಯೊಂದು ಮಗುವೂ ಒಬ್ಬೊಬ್ಬರನ್ನು ಆರಿಸಿಕೊಂಡು ಅವರು ಏನು ತಿಂದರು, ಏನು ಉಟ್ಟರು, ಕೈಯಿಂದ ಏನು ಕೆಲಸ ಮಾಡಿದರು, ಯಾವುದಕ್ಕೆ ಹೆದರಿದರು ಎಂಬುದನ್ನು ಆ ಸ್ಥಳದಲ್ಲಿ ಹುಡುಕಬೇಕು. ಇದೇ ಅವರ ಪಠ್ಯಕ್ರಮ.

ಹೊರಡುವ ಒಂದು ವಾರದ ಮುಂಚೆ ಅವಳು ಮನೆಯಲ್ಲಿ ‘ಸಗಮಿತೆ’ಯನ್ನೂ ಮಾಡಿದ್ದಳು. ಕುಟ್ಟಿದ ಮುಸುಕಿನ ಜೋಳವನ್ನು ಬರೀ ನೀರಿನಲ್ಲಿ ಬೇಯಿಸಿದ ಗಂಜಿ. ಆ ನಾಡಿನ ವೆಂಡಾಟ್ ಜನರ ದಿನನಿತ್ಯದ ಆಹಾರ ಅದು. ಮೀನು ಸಿಕ್ಕರೆ ಮೀನು, ಇಲ್ಲದಿದ್ದರೆ ಇಲ್ಲ. ಉಪ್ಪಂತೂ ಇಲ್ಲವೇ ಇಲ್ಲ. ರಾಗಿ ಅಂಬಲಿ ಕುಡಿದು ಬೆಳೆದ ನನಗೇ ಅದು ಗಂಟಲಲ್ಲಿ ಇಳಿಯಲು ತಡವಾಯಿತು.

ವೆಂಡಾಟರನ್ನು ಫ್ರೆಂಚರು ‘ಹ್ಯೂರಾನ್’ ಎಂದು ಕರೆದರು. ಅದು ಹೊರಗಿನವರಿಟ್ಟ ಅಡ್ಡಹೆಸರು. ಜಾರ್ಜಿಯನ್ ಕೊಲ್ಲಿಯ ದಕ್ಷಿಣದಲ್ಲಿ ಜೋಳ, ಕಾಳು, ಕುಂಬಳ ಬೆಳೆದುಕೊಂಡು, ಮರದ ತೊಗಟೆ ಹೊದಿಸಿದ ಉದ್ದನೆಯ ಮನೆಗಳಲ್ಲಿ ಹಲವು ಸಂಸಾರಗಳು ಒಟ್ಟಾಗಿ ಬಾಳುತ್ತಿದ್ದವು. ಇಪ್ಪತ್ತು ಸಾವಿರಕ್ಕಿಂತ ಕಡಿಮೆಯಿಲ್ಲದ ಜನ. ಈ ನಾಡಿಗೆ ಫಾದರ್ ಜಾನ್ ದ ಬ್ರೆಬೆಫ್ ಮೊದಲು 1626ರಲ್ಲಿ ಬಂದರು, ಮತ್ತೆ 1634ರಲ್ಲಿ. ಕ್ವಿಬೆಕ್ಕಿನಿಂದ ತೊಗಟೆಯ ದೋಣಿಯಲ್ಲಿ ಸುಮಾರು ಒಂದು ತಿಂಗಳ ಪಯಣ. ಜಲಪಾತ ಎದುರಾದಲ್ಲೆಲ್ಲ ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯಬೇಕು. ಹಾಗೆ ಹೊತ್ತದ್ದು 35 ಸಲ ಎಂದು ಬ್ರೆಬೆಫ್ ಎಣಿಸಿ ಬರೆದಿಟ್ಟಿದ್ದಾರೆ. ಹೆಗಲು ಎಷ್ಟು ನೊಂದಿದ್ದರೆ ಮನುಷ್ಯ ಲೆಕ್ಕವಿಡುತ್ತಾನೆ!

ಕೋಟೆಯೊಳಗೆ ಕಾಲಿಟ್ಟೊಡನೆ ಹೊಗೆಯ ವಾಸನೆ. ಚೂಪು ಮಾಡಿದ ಮರದ ಕಂಬಗಳ ಗೋಡೆ, ಒಳಗೆ ಸಣ್ಣ ಪೂಜಾಮಂದಿರ, ಗುರುಗಳ ವಾಸದ ಮನೆ, ಬಡಗಿಯ ಕೊಟ್ಟಿಗೆ, ಕಮ್ಮಾರನ ಕುಲುಮೆ, ಕೋಳಿ, ಹಂದಿ, ದನ. ಆ ಕಾಲದಲ್ಲಿ ಈ ಪ್ರಾಣಿಗಳನ್ನೂ ದೋಣಿಯಲ್ಲೇ ತಂದರೆಂದು ತಿಳಿದಾಗ ಪುಟ್ಟಿಯ ಆಯ್ಕೆ ಅಲ್ಲೇ ನಿರ್ಧಾರವಾಯಿತು. ಅವಳು ಆರಿಸಿಕೊಂಡ ಐತಿಹಾಸಿಕ ವ್ಯಕ್ತಿ ಹಂದಿ. ಕುಲುಮೆಯ ಬಳಿ ಚರ್ಮದ ಏಪ್ರನ್ ತೊಟ್ಟ ಯುವಕನೊಬ್ಬ ಮೊಳೆ ಬಡಿಯುತ್ತಿದ್ದ. ಇಲ್ಲಿದ್ದವರೆಲ್ಲ ಗುರುಗಳಲ್ಲ, ಸಂಬಳವಿಲ್ಲದೆ ಜೀವಮಾನವಿಡೀ ದುಡಿಯಲು ತಮ್ಮನ್ನೇ ಕೊಟ್ಟುಕೊಂಡ ಗೃಹಸ್ಥ ಸೇವಕರು ಬಹಳ ಮಂದಿ ಇದ್ದರೆಂದು ಅವನು ವಿವರಿಸಿದ. ‘ದೊನೆ’ ಎಂಬುದು ಅವರ ಹೆಸರು. 1648ರಲ್ಲಿ ಇಲ್ಲಿ 66 ಮಂದಿ ಫ್ರೆಂಚರಿದ್ದರಂತೆ. ಅಂದಿನ ಫ್ರೆಂಚ್ ಕೆನಡಾದ ಒಟ್ಟು ಫ್ರೆಂಚ್ ಜನಸಂಖ್ಯೆಯಲ್ಲಿ ಅದು ಐದರಲ್ಲೊಂದು ಭಾಗ.

ಈಗ ಕಾಣುವ ಕಟ್ಟಡಗಳು 1960ರ ದಶಕದವು. 1940ರ ದಶಕದಲ್ಲಿ ಕೆನೆತ್ ಕಿಡ್, ಆಮೇಲೆ ವಿಲ್‌ಫ್ರೆಡ್ ಜೂರಿ ನಡೆಸಿದ ಉತ್ಖನನಗಳಲ್ಲಿ ಸಿಕ್ಕ ಸುಟ್ಟ ಮರ, ಕಲ್ಲಿನ ಒಲೆ, ಕಂಬದ ಗುಳಿಗಳ ಆಧಾರದ ಮೇಲೆ ಕಟ್ಟಿದ್ದು. ದೋಣಿಗಳಿಗಾಗಿ ಕೋಟೆಯೊಳಕ್ಕೆ ತೋಡಿದ ಕಾಲುವೆಯ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಅಂದರೆ ಊಹೆಯೂ ಇದರಲ್ಲಿ ಸೇರಿದೆ. ಮಕ್ಕಳಿಗೆ ಇದನ್ನೂ ಹೇಳಬೇಕು. ಹಿಂದಿನವರು ಯೋಚಿಸಿದ್ದನ್ನು ನಮ್ಮ ಮನಸ್ಸಿನಲ್ಲಿ ನಾವೇ ಮತ್ತೊಮ್ಮೆ ಯೋಚಿಸಿದಾಗಲೇ ಅದು ಇತಿಹಾಸವಾಗುವುದೆಂದು ತತ್ತ್ವಜ್ಞಾನಿ ಕಾಲಿಂಗ್‌ವುಡ್ ವಾದಿಸಿದರು. ಕುಲುಮೆಯ ತಿದಿಯನ್ನು ಹಿಡಿದು ಕಣ್ಣು ಕಿರಿದು ಮಾಡಿ ನಿಂತಿದ್ದ ಹುಡುಗನನ್ನು ನೋಡಿದಾಗ, ಯೋಚಿಸುವುದಕ್ಕೆ ತಲೆಯೊಂದೇ ಸಾಲದೆಂದು ಆ ಮಹಾಶಯರಿಗೆ ತಿಳಿಸಬೇಕೆನಿಸಿತು.

ಈ ಹುಡುಗನದೇ ಒಂದು ಕಥೆ. ಅವನು ಆರಿಸಿಕೊಂಡಿದ್ದು ಬ್ರೆಬೆಫ್ ಅವರನ್ನಲ್ಲ. ನೋಯೆಲ್ ಶಬನೆಲ್ ಎಂಬ, ನಮ್ಮಲ್ಲಿ ಯಾರೂ ಹೆಸರು ಕೇಳಿರದ ಸಂತನನ್ನು. ಶಬನೆಲ್ ಫ್ರಾನ್ಸಿನಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕರಾಗಿದ್ದವರು, ಮಾತೇ ಅವರ ವೃತ್ತಿ. ವೆಂಡಾಟ್ ನಾಡಿಗೆ ಬಂದ ಮೇಲೆ ವರ್ಷಗಟ್ಟಲೆ ಹೆಣಗಿದರೂ ಆ ಭಾಷೆ ಅವರ ನಾಲಿಗೆಗೆ ಒಗ್ಗಲಿಲ್ಲ. ಊಟ ಹಿಡಿಸಲಿಲ್ಲ, ಹೊಗೆ ತುಂಬಿದ ಮನೆಗಳು ಹಿಡಿಸಲಿಲ್ಲ, ಪ್ರಾರ್ಥನೆಯಲ್ಲಿಯೂ ಸಾಂತ್ವನ ದೊರೆಯಲಿಲ್ಲ. ಸಹೋದರ ಗುರುಗಳು ನಿರರ್ಗಳವಾಗಿ ಉಪದೇಶ ಮಾಡುತ್ತಿದ್ದಾಗ ಈ ಪಂಡಿತರು ಮಗುವಿನಂತೆ ತೊದಲುತ್ತಿದ್ದರು. ಫ್ರಾನ್ಸಿಗೆ ಹಿಂದಿರುಗುವ ದಾರಿ ತೆರೆದೇ ಇತ್ತು. ಆದರೆ 1647ರ ಪ್ರಭುವಿನ ಪವಿತ್ರ ಶರೀರದ ಹಬ್ಬದಂದು, ಸಾಯುವವರೆಗೂ ಈ ನೆಲವನ್ನು ಬಿಡುವುದಿಲ್ಲವೆಂದು ಅವರು ದೇವರ ಮುಂದೆ ವ್ರತ ತೊಟ್ಟರು. 1649ರ ಡಿಸೆಂಬರ್ 8ರಂದು ಕೊಲೆಯಾದರು.

ಗುರುಗಳ ವಾಸದ ಮನೆಯಲ್ಲಿ ಒಂದು ಇಕ್ಕಟ್ಟಾದ ಕೋಣೆ. ಮರದ ಮಂಚ, ಮೇಜು, ಮಸಿಕುಡಿಕೆ, ಹಕ್ಕಿಗರಿಯ ಲೇಖನಿ. ಹುಡುಗ ಆ ಮೇಜಿನ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಅಮ್ಮನನ್ನು ಇಂಗ್ಲಿಷಿನಲ್ಲಿ ಕೇಳಿದ, “ಅವರಿಗೆ ಕೊನೆಗಾದರೂ ಬಂತಾ?” ತಾಯಿ ಇಲ್ಲವೆಂದಳು. “ಆದರೂ ಸಂತರು?” ಹೌದೆಂದಳು. ಅವನು ಮತ್ತೇನೂ ಕೇಳಲಿಲ್ಲ. ನಾನು ಇಪ್ಪತ್ತೈದು ವರ್ಷಗಳಿಂದ ಧರ್ಮೋಪದೇಶದ ತರಗತಿ ನಡೆಸುತ್ತಿರುವವನು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸಂತರ ಚಿತ್ರಗಳನ್ನು ಬಹುಮಾನವಾಗಿ ಹಂಚಿದ್ದೇನೆ. ಕಡಿಮೆ ಅಂಕದವರಿಗೂ ಒಬ್ಬ ಸಂತನಿದ್ದಾನೆಂದು ಹೇಳಿದ ನೆನಪು ನನಗಿಲ್ಲ.

ಅವನ ಅಕ್ಕ ಆರಿಸಿಕೊಂಡಿದ್ದು ತೆರೇಸಾ ಎಂಬ ವೆಂಡಾಟ್ ಬಾಲಕಿಯನ್ನು, ಅವಳ ಸ್ವಂತ ಹೆಸರು ಒಯೊನ್ಹಾತೋನ್. ಇವಳ ಚಿಕ್ಕಪ್ಪನಂತಿದ್ದ ಬಂಧು ಜೋಸೆಫ್ ಚಿಹ್ವಾತೆನ್ಹಾ 1637ರಲ್ಲಿ ಜ್ಞಾನಸ್ನಾನ ಪಡೆದು, ತನ್ನ ಮನೆಯನ್ನೇ ಧರ್ಮೋಪದೇಶದ ಶಾಲೆ ಮಾಡಿಕೊಂಡಿದ್ದ ಗೃಹಸ್ಥ. 1640ರಲ್ಲಿ ತನ್ನ ಹೊಲದ ಬಳಿ ಕೊಲೆಯಾದ. ತೆರೇಸಾ ಕ್ವಿಬೆಕ್ಕಿನ ಉರ್ಸುಲಿನ್ ಕನ್ಯಾಸ್ತ್ರೀಯರ ಬಳಿ ಎರಡು ವರ್ಷ ಓದಿ, 1642ರಲ್ಲಿ ಊರಿಗೆ ಮರಳುವಾಗ ಇರೋಕ್ವಾ ಪಡೆಯವರ ಸೆರೆ ಸಿಕ್ಕಳು. ಅದೇ ಗುಂಪಿನಲ್ಲಿ ಸಂತ ಐಸಾಕ್ ಜೋಗ್ ಅವರೂ ಇದ್ದರು. ಜಪಸರ ಕಳೆದುಹೋಗಿದ್ದರಿಂದ ಅವಳು ಬೆರಳುಗಳ ಮೇಲೆ, ಇಲ್ಲವೆ ನೆಲದ ಬೆಣಚುಕಲ್ಲುಗಳ ಮೇಲೆ ಎಣಿಸಿ ಜಪ ಮಾಡುತ್ತಿದ್ದಳೆಂದು ವರದಿಗಳಲ್ಲಿದೆ. ನಮ್ಮ ಹುಡುಗಿ ವೈ ನದಿಯ ದಡದಲ್ಲಿ ಹತ್ತು ಕಲ್ಲುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡಳು. ಅಂಗಡಿಗೆ ಹೋಗದೆ ತಂದ ನೆನಪಿನ ಕಾಣಿಕೆ ಅದು.

ಅವಳ ಪ್ರಶ್ನೆ ಬಂದದ್ದು ಉದ್ದಮನೆಯೊಳಗೆ. ನೆಲದ ಮೇಲೆ ಒಲೆಗಳು ಉರಿಯುತ್ತಿದ್ದವು, ಮೇಲೆ ಜೋಳದ ತೆನೆಗಳ ಗೊಂಚಲು. ಟೊಳ್ಳು ಮಾಡಿದ ದಿಮ್ಮಿಯ ಒರಳಿನಲ್ಲಿ ಮಕ್ಕಳು ಸರದಿಯ ಮೇಲೆ ಜೋಳ ಕುಟ್ಟುತ್ತಿದ್ದರು. ವಿವರಣೆ ನೀಡುತ್ತಿದ್ದ ಯುವತಿ 1634ರಿಂದ 1640ರವರೆಗೆ ಒಂದರ ಹಿಂದೆ ಒಂದು ಬಂದ ಸಾಂಕ್ರಾಮಿಕಗಳನ್ನು ಹೇಳಿದಳು. ಕೊನೆಯದು ಸಿಡುಬು. ಆ ಆರು ವರ್ಷಗಳಲ್ಲಿ ವೆಂಡಾಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು, ಮುಖ್ಯವಾಗಿ ವೃದ್ಧರು ಮತ್ತು ಮಕ್ಕಳು. ಹುಡುಗಿ ಒನಕೆಯನ್ನು ಕೈಬಿಟ್ಟು ನನ್ನ ಕಡೆ ತಿರುಗಿದಳು. “ಫಾದರ್ ತಾತ, ಆ ಕಾಯಿಲೆ ತಂದದ್ದು ನಮ್ಮ ಫಾದರ್‌ಗಳಾ?”

ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ನಮ್ಮ ಕುಟುಂಬದ ಮೂಲ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯ ಕಡೆಯದು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ನಂತರ ಆ ಪ್ರದೇಶದ ಕ್ರೈಸ್ತರ ನಡುವೆ ಸೇವೆ ಸಲ್ಲಿಸಿದ ಅಬ್ಬೆ ದುಬೋಯಿ ಅವರು ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಮುಂದಾದವರು. 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆಯಾಯಿತು. ‘ದೊಡ್ಡ ಸ್ವಾಮಿಗಳು’ ಎಂದು ನಮ್ಮ ಹಿರಿಯರು ಕರೆದದ್ದು ಅವರನ್ನೇ. ಆ ಕಥೆ ನಾಲಿಗೆಯ ತುದಿಗೆ ಬಂತು. ಆದರೆ ಪಾಲಹಳ್ಳಿಯ ಲಸಿಕೆ ವೆಂಡಾಟರ ಗೋರಿಗಳಿಗೆ ಉತ್ತರವಾಗದು. ನುಂಗಿಕೊಂಡೆ.

“ಅವರಿಗೆ ಗೊತ್ತಿರಲಿಲ್ಲ ಮಗಳೇ, ಆದರೆ ಅವರ ಜೊತೆಗೇ ಬಂತು” ಎಂದೆ. ರೋಗಾಣುಗಳ ವಿಷಯ ಆಗ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ವ್ಯಾಪಾರಿಗಳು, ವಸಾಹತುಗಾರರು, ಗುರುಗಳು, ಫ್ರೆಂಚರಿಂದ ಸೋಂಕು ತಗುಲಿ ಮರಳಿದ ವೆಂಡಾಟ್ ವರ್ತಕರು, ಎಲ್ಲರೂ ಅದರ ವಾಹಕರಾದರು. ಗುರುಗಳು ಮನೆಮನೆಗೆ ಹೋಗಿ ಸಾಯುತ್ತಿದ್ದವರಿಗೆ ಜ್ಞಾನಸ್ನಾನ ಕೊಟ್ಟರು. ಸ್ನಾನ ಪಡೆದವರು ಸತ್ತರು. ಈ ನೀರೇ ಕೊಲ್ಲುತ್ತಿದೆಯೆಂದು ಜನ ಭಾವಿಸಿದ್ದರಲ್ಲಿ ಆಶ್ಚರ್ಯವೇನು? 1637ರಲ್ಲಿ ಗುರುಗಳನ್ನು ಮಾಟಗಾರರೆಂದು ಕೊಲ್ಲುವ ಮಾತೂ ನಡೆಯಿತು. ಗುರುಮಠದ ಭೋಜನಶಾಲೆಯಲ್ಲಿ ಈ ಹುತಾತ್ಮರ ಚರಿತ್ರೆಯನ್ನು ಓದಿಸುತ್ತಿದ್ದಾಗ ನಾವು ಕೇಳಿದ್ದು ಕಾಡುಜನರ ಕ್ರೌರ್ಯವನ್ನು ಮಾತ್ರ. ಅವರ ಮನೆಗಳಲ್ಲಿ ಎಷ್ಟು ತೊಟ್ಟಿಲುಗಳು ಬರಿದಾಗಿದ್ದವೆಂದು ಯಾರೂ ಓದಲಿಲ್ಲ. ಬ್ರೂಸ್ ಟ್ರಿಗರ್ ಎಂಬ ವಿದ್ವಾಂಸರು 1976ರಲ್ಲಿ ಪ್ರಕಟಿಸಿದ ವೆಂಡಾಟರ ಬೃಹತ್ ಇತಿಹಾಸವನ್ನು ನಾನು ಓದಿದ್ದು ಈ ಪ್ರವಾಸದ ನಂತರ. ಫ್ರೆಂಚರು ಜ್ಞಾನಸ್ನಾನ ಪಡೆದ ವೆಂಡಾಟರಿಗೆ ಮಾತ್ರ ಬಂದೂಕು ಮಾರುತ್ತಿದ್ದರೆಂಬುದೂ, ಅದರಿಂದ ಒಂದೇ ಉದ್ದಮನೆ ಎರಡಾಯಿತೆಂಬುದೂ ಅದರಿಂದ ತಿಳಿದ ಸಂಗತಿ.

ಹುಡುಗಿ ಅಲ್ಲಿಗೇ ಬಿಡಲಿಲ್ಲ. ಕೆನಡಾದ ಮಕ್ಕಳಿಗೆ ಸೆಪ್ಟೆಂಬರ್ ತಿಂಗಳೆಂದರೆ ಇನ್ನೊಂದು ನೆನಪು. 2021ರಿಂದ ಸೆಪ್ಟೆಂಬರ್ 30 ಅಲ್ಲಿ ಸತ್ಯ ಮತ್ತು ಸಂಧಾನದ ರಾಷ್ಟ್ರೀಯ ದಿನ. ಹತ್ತೊಂಬತ್ತನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ದೂರಮಾಡಿ ವಸತಿಶಾಲೆಗಳಲ್ಲಿ ಇಡಲಾಯಿತು. ಅವುಗಳಲ್ಲಿ ಬಹಳಷ್ಟನ್ನು ನಡೆಸಿದ್ದು ಕಥೋಲಿಕ ಸಂಸ್ಥೆಗಳು. ಸೇಂಟ್ ಮರೀಯೂ ಈ ಶಾಲೆಗಳೂ ಒಂದೇ ಅಲ್ಲ, ನಡುವೆ ಎರಡು ಶತಮಾನಗಳ ಅಂತರವಿದೆ. ಇವೆರಡನ್ನು ಕಲಸಿ ಹೇಳುವುದು ಚರಿತ್ರೆಗೆ ಅನ್ಯಾಯ. ಆದರೂ ಬೀಜ ಇಲ್ಲಿಯೂ ಇತ್ತೇನೋ. 1636ರಲ್ಲಿ ಫಾದರ್ ಆಂಟನಿ ಡೇನಿಯಲ್ ಕೆಲವು ವೆಂಡಾಟ್ ಬಾಲಕರನ್ನು ಕ್ವಿಬೆಕ್ಕಿಗೆ ಕರೆದೊಯ್ದು ವಸತಿಶಾಲೆ ಆರಂಭಿಸಿದರು. ಕೆಲವರು ಸತ್ತರು, ಕೆಲವರು ಓಡಿಹೋದರು, ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು.

ಮಕ್ಕಳ ಮೊದಲ ಗುರುಗಳು ತಂದೆತಾಯಿಯರೇ ಎಂದು 1965ರಲ್ಲಿ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ಸಾರಿತು. ಮನೆಯಲ್ಲೇ ಓದಿಸುವ ಕಥೋಲಿಕ ಕುಟುಂಬಗಳು ಹೆಮ್ಮೆಯಿಂದ ತೋರಿಸುವುದು ಇದೇ ವಾಕ್ಯವನ್ನು. ಅದನ್ನು ಸಾರಿದ ವರ್ಷದಲ್ಲಿಯೂ ಆ ವಸತಿಶಾಲೆಗಳು ತೆರೆದೇ ಇದ್ದವು. ತನ್ನ ಮಗನ ಹೊಟ್ಟೆನೋವಿಗೆ ಓಗೊಟ್ಟು ಅವನನ್ನು ಮನೆಗೆ ಕರೆತರಲು ಸಾಧ್ಯವಾದ ತಾಯಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಅದು ಸಾಧ್ಯವಾಗದಂತೆ ಕಾನೂನೇ ಕೈಕಟ್ಟಿದ್ದ ತಾಯಂದಿರ ನಾಡು ಅದು. ನಾನು ಯಾವ ಪಕ್ಷದವನು ಎಂದು ಆ ದಿನ ಬಹಳ ಹೊತ್ತು ಯೋಚಿಸಿದೆ. 2022ರ ಜುಲೈ 25ರಂದು ಜಗದ್ಗುರು ಫ್ರಾನ್ಸಿಸರು ಆಲ್ಬರ್ಟಾದ ಮಸ್ಕ್ವಾಚೀಸ್ ಎಂಬಲ್ಲಿ ಮೂಲನಿವಾಸಿಗಳ ಮುಂದೆ ನಿಂತು ಕ್ಷಮೆ ಕೇಳಿದ್ದರು. ಅದನ್ನು ದೂರದರ್ಶನದಲ್ಲಿ ನೋಡಿದಾಗ ಅದು ದೂರದ ಸುದ್ದಿಯಾಗಿತ್ತು. ಹನ್ನೆರಡು ವರ್ಷದ ಮಗು ಉತ್ತರಕ್ಕಾಗಿ ಮುಖ ನೋಡುತ್ತಾ ನಿಂತಾಗ ಹಾಗಿರಲಿಲ್ಲ.

ಮಧ್ಯಾಹ್ನ ಸಂತ ಜೋಸೆಫರ ದೇವಾಲಯವನ್ನು ನೋಡಿದೆವು. ಮಣ್ಣಿನ ನೆಲ, ಮಂದ ಬೆಳಕು. 1649ರ ಮಾರ್ಚ್ 16ರಂದು ಬ್ರೆಬೆಫ್, ಮರುದಿನ ಗೇಬ್ರಿಯಲ್ ಲಾಲೆಮಾನ್ ಇರೋಕ್ವಾ ಪಡೆಯ ಕೈಯಲ್ಲಿ ಚಿತ್ರಹಿಂಸೆಯಿಂದ ಮಡಿದರು. ಅವರ ದೇಹಗಳನ್ನು ತಂದು ಹೂತ ಗುಳಿ 1954ರಲ್ಲಿ ಇಲ್ಲಿಯೇ ಪತ್ತೆಯಾಯಿತು. ಆ ಹಿಂಸೆಯ ವಿವರಗಳನ್ನು ಮಕ್ಕಳಿಗೆ ಹೇಳುವ ಅಗತ್ಯವಿಲ್ಲವೆಂದು ತಂದೆ ಮೊದಲೇ ನಿಶ್ಚಯಿಸಿದ್ದ, ನಾನೂ ಒಪ್ಪಿದೆ. ಕಹಿ ನೆನಪುಗಳ ನಡುವೆಯೂ ಆ ನೆಲದಲ್ಲಿ ಮಂಡಿಯೂರಲು ನನಗೆ ಸಂಕೋಚವಾಗಲಿಲ್ಲ. ಇವರು ಓಡಿಹೋಗಬಹುದಿತ್ತು. ತಮ್ಮನ್ನು ನಂಬಿದ ಜನ ಓಡಲಾರದವರಾಗಿದ್ದರಿಂದ ಉಳಿದರು. ಎಂಟು ಹುತಾತ್ಮರಿಗೂ 1930ರಲ್ಲಿ ಸಂತ ಪದವಿ ದೊರೆಯಿತು. ರಸ್ತೆಯಾಚೆಯ ಗುಡ್ಡದ ಮೇಲೆ ಎರಡು ಗೋಪುರಗಳ ಹುತಾತ್ಮರ ಪುಣ್ಯಕ್ಷೇತ್ರವಿದೆ. 1984ರ ಸೆಪ್ಟೆಂಬರಿನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಭೇಟಿ ನೀಡಿದ ಸ್ಥಳ. ನಾವು ಅಲ್ಲಿ ಬಲಿಪೂಜೆಯಲ್ಲಿ ಭಾಗಿಗಳಾಗಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು.

ಊಟದ ಹೊತ್ತಿನಲ್ಲಿ ಮಕ್ಕಳಿಗೆ ನಾನು ಹೇಳಿದ ಒಂದು ಸಂಗತಿಯನ್ನು ನಮ್ಮ ಓದುಗರಿಗೂ ಹೇಳಬೇಕು. ಸೇಂಟ್ ಮರೀ ಬೂದಿಯಾದ ಕಾಲಕ್ಕೇ, 1648-49ರ ಸುಮಾರಿನಲ್ಲಿ, ಅದೇ ಯೇಸುಸಭೆಯ ಇನ್ನೊಬ್ಬ ಗುರು, ಇಟಲಿಯ ಲಿಯೊನಾರ್ಡೊ ಚಿನ್ನಮಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಬ್ರೆಬೆಫ್ ವೆಂಡಾಟ್ ಭಾಷೆ ಕಲಿತು ಧರ್ಮೋಪದೇಶವನ್ನು ಅದಕ್ಕೆ ತಂದರು. ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಇಬ್ಬರೂ ಭಾಷೆಯ ಬಾಗಿಲನ್ನು ತಟ್ಟಿದವರು. ಒಬ್ಬರ ಊರು ಸುಟ್ಟುಹೋಯಿತು, ಇನ್ನೊಬ್ಬರ ಊರಿನ ಕಡೆಯಿಂದ ಬಂದ ಮಕ್ಕಳು ಅಲ್ಲಿ ಪುಳಿಯೋಗರೆ ತಿನ್ನುತ್ತಿದ್ದರು. ಟಿಪ್ಪುವಿನ ಅರಮನೆ ನೋಡಲು ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಕರೆದೊಯ್ಯುವ ನಮ್ಮ ಕುಟುಂಬಗಳು ಚಿನ್ನಮಿಯವರ ಹೆಸರನ್ನೂ ಒಮ್ಮೆ ಹೇಳಬಹುದು, ಹಾಗೆಯೇ ಪಾಲಹಳ್ಳಿಯ ಕಡೆಗೊಂದು ಸುತ್ತು ಬರಬಹುದು. ಮೈಸೂರಿನಿಂದ ಬಸ್ಸಿನ ಚಾರ್ಜು ಬಿಟ್ಟರೆ ಬೇರೆ ಖರ್ಚಿಲ್ಲ. ಅದಕ್ಕಾಗಿ ಯಾರೂ ಮಕ್ಕಳನ್ನು ಶಾಲೆ ಬಿಡಿಸಬೇಕಾಗಿಲ್ಲ, ಒಂದು ಶನಿವಾರ ಸಾಕು.

ವೆಂಡಾಟರ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೋಟೆಯನ್ನು ಸುಟ್ಟು ಹತ್ತಿರದ ದ್ವೀಪಕ್ಕೆ ಹೋದವರಲ್ಲಿ ಬಹುಮಂದಿ ಆ ಚಳಿಗಾಲದಲ್ಲಿ ಹಸಿವಿನಿಂದ ಸತ್ತರು. 1650ರಲ್ಲಿ ಸುಮಾರು 300 ಮಂದಿ ಗುರುಗಳೊಡನೆ ಕ್ವಿಬೆಕ್ಕಿಗೆ ವಲಸೆ ಹೋದರು. ಅವರ ವಂಶಜರು ಇಂದಿಗೂ ಅಲ್ಲಿಯ ವೆಂಡಾಕೆಯಲ್ಲಿದ್ದಾರೆ. ಅವರ ಭಾಷೆ ಆಡುವವರಿಲ್ಲದೆ ಮರೆಯಾಗಿತ್ತು. ಈಗ ಅದನ್ನು ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ, ಅದಕ್ಕೆ ಮುಖ್ಯ ಆಧಾರ ಯೇಸುಸಭೆಯ ಗುರುಗಳು ಬರೆದಿಟ್ಟ ಹಳೆಯ ಹಸ್ತಪ್ರತಿ ನಿಘಂಟುಗಳು. ಸಂಜೆಯ ದಾರಿಯಲ್ಲಿ ಇದನ್ನು ಹೇಳಿದಾಗ ಹುಡುಗಿ ಕಲ್ಲುಗಳನ್ನು ಕೈಯಲ್ಲಿ ಉರುಳಿಸುತ್ತಾ, “ಹಾಗಾದರೆ ಕಾಯಿಲೆಯೂ ಅವರದೇ, ಡಿಕ್ಷನರಿಯೂ ಅವರದೇ” ಎಂದಳು. ನಾನು ಹೌದೆಂದೆ.

ಬುದ್ಧಿ ಹೇಳುವ ಕೆಲಸ ಮಾತ್ರ ಉಳಿದೇಹೋಯಿತು. ಅವಳು ದಣಿದಿದ್ದಾಳೆ, ಮಕ್ಕಳಿಗೆ ಸಂಗಡಿಗರು ಕಡಿಮೆ, ಇನ್ನೆರಡು ವರ್ಷಗಳಲ್ಲಿ ದೊಡ್ಡವಳ ಗಣಿತ ತಾಯಿಯ ಕೈಮೀರುತ್ತದೆ. ಇದನ್ನೆಲ್ಲ ಅವಳ ಮುಂದೆ ಹೇಳಿದೆ. ಅವಳಿಗೂ ಗೊತ್ತಿತ್ತು. ಎಲ್ಲ ಮನೆಗಳಿಗೂ ಹೊಂದುವ ದಾರಿ ಇದಲ್ಲವೆಂಬ ನನ್ನ ಮಾತಿಗೆ ಅವಳದೂ ಒಪ್ಪಿಗೆಯೇ.

ರಾತ್ರಿ ಮೈಸೂರಿಗೆ ದೂರವಾಣಿ ಮಾಡಿದಾಗ ಅಕ್ಕ ಮೊದಲು ಮೊಮ್ಮಗನನ್ನು ಕೇಳಿದ್ದು, ಅಷ್ಟು ದೂರ ಹೋಗಿ ಏನು ಕಲಿತೆ ಎಂದು. ಅವನು ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ಜೋಳದ ಗಂಜಿಯ ವಿಷಯ ಹೇಳತೊಡಗಿದ.

“ಉಪ್ಪಾದರೂ ಹಾಕಿದ್ರಾ?”

“ಉಪ್ಪು ಇಲ್ಲ ಅಜ್ಜಿ. ಶಬನೆಲ್ ಫಾದರಿಗೂ ಅದು ಇಷ್ಟ ಇರಲಿಲ್ಲ.”

“ಯಾರಪ್ಪ ಅದು?” ಎಂದಳು ಅಕ್ಕ. ಅವನು ಕುರ್ಚಿ ಎಳೆದುಕೊಂಡು ಕುಳಿತು, ಮೊದಲಿನಿಂದ ಹೇಳಲು ಆರಂಭಿಸಿದ.